ಹಳೇ ಹಾಲಿವುಡ್‌ನಲ್ಲಿ ಹೀರೋ ಪಕ್ಕ ನಿಂತವರು

ಪ್ರಶ್ನೆ: ಈಚೆಗೆ 1930ರಿಂದ 60ರವರೆಗಿನ ಹಾಲಿವುಡ್ ಸಿನಿಮಾಗಳನ್ನು ನೋಡಲು ಶುರು ಮಾಡಿದ್ದೇನೆ. ಸಿನಿಮಾ ಮುಗಿದ ಮೇಲೆ ಹೀರೋ, ಹೀರೋಯಿನ್‌ಗಿಂತ ಜಾಸ್ತಿ ನೆನಪಲ್ಲಿ ಉಳಿಯುವುದು ಒಬ್ಬ ನರ್ಸ್, ಒಬ್ಬ ವೇಟರ್, ಒಬ್ಬ ಕುಡುಕ ಡಾಕ್ಟರ್. ಅದೇ ಮುಖಗಳು ಬೇರೆ ಬೇರೆ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬರುತ್ತವೆ, ಹೆಸರು ಮಾತ್ರ ಗೊತ್ತಾಗುವುದಿಲ್ಲ. ಇವರೆಲ್ಲ ಯಾರು? ಇಷ್ಟು ಚಿಕ್ಕ ಪಾತ್ರಗಳು ಇಷ್ಟು ಗಟ್ಟಿಯಾಗಿ ನಿಲ್ಲುವುದು ಹೇಗೆ? ಯಾರಿಂದ ಶುರು ಮಾಡಲಿ?

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಆ ಕಾಲದ ಸಿನಿಮಾಗಳ ಅರ್ಧ ಜೀವ ಇರುವುದೇ ಈ ಪೋಷಕ ನಟರಲ್ಲಿ.

ಹೀರೋಗೆ ಎರಡು ಗಂಟೆ ಸಮಯ ಇರುತ್ತದೆ. ಅವನು ಎಂಥವನು ಅಂತ ನಿಧಾನವಾಗಿ ತೋರಿಸಬಹುದು. ಪೋಷಕ ನಟನಿಗೆ ಸಿಗುವುದು ನಾಲ್ಕೈದು ದೃಶ್ಯ. ಅವನು ಬಾಗಿಲು ತೆಗೆದು ಒಳಗೆ ಬರುವಾಗಲೇ, ಈ ಮನುಷ್ಯ ಐವತ್ತು ವರ್ಷ ಎಲ್ಲೋ ಬದುಕಿ ಈಗ ಇಲ್ಲಿಗೆ ಬಂದಿದ್ದಾನೆ ಅಂತ ನಮಗೆ ಅನ್ನಿಸಬೇಕು. ಆಗಿನ ಒಳ್ಳೆಯ ಪೋಷಕ ನಟರಿಗೆ ಇದು ಬರುತ್ತಿತ್ತು. ನನ್ನ ಪ್ರಕಾರ ಅದಕ್ಕೆ ಮುಖ್ಯ ಕಾರಣ, ಅವರಲ್ಲಿ ಎಷ್ಟೋ ಜನ ನಿಜವಾಗಿಯೂ ಹಾಗೆ ಬದುಕಿ ಬಂದವರು. ಸಿಡ್ನಿ ಗ್ರೀನ್‌ಸ್ಟ್ರೀಟ್ ಅವರನ್ನೇ ನೋಡಿ. ಯುವಕರಾಗಿದ್ದಾಗ ಸಿಲೋನ್‌ಗೆ ಹೋಗಿ ಚಹಾ ತೋಟ ಮಾಡಲು ನೋಡಿದರು, ಬರಗಾಲ ಬಂದು ಊರಿಗೆ ವಾಪಸಾದರು. ಆಮೇಲೆ ಸುಮಾರು ನಲವತ್ತು ವರ್ಷ ನಾಟಕದಲ್ಲೇ ಕಳೆದರು. ಮೊದಲ ಸಿನಿಮಾ 'ದಿ ಮಾಲ್ಟೀಸ್ ಫಾಲ್ಕನ್' ಮಾಡಿದಾಗ ಅವರಿಗೆ 61 ವರ್ಷ. ಆ ದಪ್ಪ ಮನುಷ್ಯ ಕುರ್ಚಿಯಲ್ಲಿ ಕೂತು, ಮಾತು ಅಂದರೆ ನನಗೆ ಬಹಳ ಇಷ್ಟ ಅನ್ನುವ ಹಾಗೆ ನಗುತ್ತಾ ಹಂಫ್ರಿ ಬೋಗಾರ್ಟ್ ಅವರನ್ನು ನೋಡುವಾಗ, ಇವನು ಎಷ್ಟು ದೇಶ ಸುತ್ತಿರಬಹುದು, ಎಷ್ಟು ಜನಕ್ಕೆ ಮೋಸ ಮಾಡಿರಬಹುದು ಅಂತ ಯಾರೂ ಹೇಳಬೇಕಾಗಿಲ್ಲ.

ಅದೇ ಮುಖಗಳು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಸರಳ. ಎಂಜಿಎಂ, ಪ್ಯಾರಾಮೌಂಟ್, ವಾರ್ನರ್ ಬ್ರದರ್ಸ್, ಫಾಕ್ಸ್, ಆರ್‌ಕೆಓ ಎಂಬ ಐದು ದೊಡ್ಡ ಸ್ಟುಡಿಯೋಗಳಿಗೆ ಆಗ ತಮ್ಮದೇ ಚಿತ್ರಮಂದಿರಗಳಿದ್ದವು. ಅವುಗಳಿಗೆ ವಾರ ವಾರ ಹೊಸ ಸಿನಿಮಾ ಬೇಕು. ಹಾಗಾಗಿ ನಟರನ್ನು ಏಳು ವರ್ಷದವರೆಗಿನ ಕರಾರಿನ ಮೇಲೆ ವಾರದ ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದರು. ಸೋಮವಾರ ಒಂದು ಸೆಟ್‌ನಲ್ಲಿ ನ್ಯಾಯಾಧೀಶ, ಗುರುವಾರ ಪಕ್ಕದ ಸೆಟ್‌ನಲ್ಲಿ ಹೋಟೆಲ್ ಮ್ಯಾನೇಜರ್. ಬೇರೆ ಸ್ಟುಡಿಯೋಗೆ ಬೇಕಾದರೆ ಎರವಲು ಕೊಡುತ್ತಿದ್ದರು. ನಟರಿಗೆ ಇದರಲ್ಲಿ ಸ್ವಾತಂತ್ರ್ಯ ಇರಲಿಲ್ಲ, ನಿಜ. ಆದರೆ ಕೈ ಪಳಗಲು ಇಷ್ಟು ಅವಕಾಶ ಆಮೇಲೆ ಯಾವ ಪೀಳಿಗೆಗೂ ಸಿಗಲಿಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದು ಸ್ಟುಡಿಯೋಗಳು ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಟಿವಿಯೂ ಬಂತು. ನಿಧಾನಕ್ಕೆ ಈ ಸಂಬಳದ ನಟರ ಪದ್ಧತಿ ಮುಗಿಯಿತು.

ಯಾರಿಂದ ಶುರು ಮಾಡಲಿ ಅಂತ ಕೇಳಿದಿರಿ. ಥೆಲ್ಮಾ ರಿಟ್ಟರ್ ಅವರಿಂದ ಶುರು ಮಾಡಿ. ನೀವು ಹೇಳಿದ ನರ್ಸ್ ಬಹುಶಃ ಅವರೇ. ಹಿಚ್‌ಕಾಕ್ ಅವರ 'ರಿಯರ್ ವಿಂಡೋ'ದಲ್ಲಿ ಕಾಲು ಮುರಿದುಕೊಂಡು ಕೂತ ಜೇಮ್ಸ್ ಸ್ಟೂವರ್ಟ್ ಬೆನ್ನು ತಿಕ್ಕಲು ಬಂದು, ಪಕ್ಕದ ಮನೆ ಕಿಟಕಿ ನೋಡಬೇಡ ಅಂತ ಬೈಯುವ ಸ್ಟೆಲ್ಲಾ. ಹಾಗೆ ಬೈದವಳೇ ಆಮೇಲೆ ಅದೇ ಕಿಟಕಿಗೆ ಕಣ್ಣು ನೆಟ್ಟು, ಕೊಲೆಗಾರ ಹೆಣವನ್ನು ಎಲ್ಲಿ ಕತ್ತರಿಸಿರಬಹುದು ಅಂತ ಲೆಕ್ಕ ಹಾಕುತ್ತಾಳೆ.

ರಿಟ್ಟರ್ ಬ್ರೂಕ್ಲಿನ್‌ನವರು, 1902ರಲ್ಲಿ ಹುಟ್ಟಿದವರು. ನಾಟಕದ ತರಬೇತಿ ಪಡೆದಿದ್ದರು, ರಂಗದ ಮೇಲೂ ದುಡಿದಿದ್ದರು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಅದನ್ನೆಲ್ಲ ಬಿಟ್ಟು ಮನೆ ನೋಡಿಕೊಂಡರು. 1947ರಲ್ಲಿ, ಪರಿಚಯದ ನಿರ್ದೇಶಕ ಜಾರ್ಜ್ ಸೀಟನ್ ಅವರು 'ಮಿರಾಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್'ನಲ್ಲಿ ಒಂದು ಪುಟ್ಟ ಪಾತ್ರ ಕೊಟ್ಟರು. ಮಗನಿಗೆ ಬೇಕಾದ ಆಟಿಕೆ ಹುಡುಕಿ ಹುಡುಕಿ ಸುಸ್ತಾದ ಒಬ್ಬ ತಾಯಿ. ತೆರೆಯ ಮೇಲೆ ಅವರ ಹೆಸರೂ ಬರುವುದಿಲ್ಲ. ಆದರೆ ಆ ಸುಸ್ತು ನೋಡಿ. ದಿನವಿಡೀ ಅಂಗಡಿ ಅಂಗಡಿ ತಿರುಗಿದ ಹೆಂಗಸಿನ ಕಾಲು ನೋವು ಅವರ ದನಿಯಲ್ಲೇ ಇದೆ. ಫಾಕ್ಸ್ ಮುಖ್ಯಸ್ಥ ಡಾರಿಲ್ ಜಾನಕ್ ಅವರ ಕಣ್ಣಿಗೆ ಅದು ಬಿತ್ತು. ಆಗ ರಿಟ್ಟರ್ ಅವರಿಗೆ 45 ವರ್ಷ. ಅಲ್ಲಿಂದ ಮುಂದೆ ಆರು ಸಲ ಆಸ್ಕರ್‌ಗೆ ನಾಮನಿರ್ದೇಶನ ಆಯಿತು. ಒಂದು ಸಲವೂ ಬರಲಿಲ್ಲ.

ಅವರ ಅತ್ಯುತ್ತಮ ಕೆಲಸ ನನ್ನ ಪ್ರಕಾರ 1953ರ 'ಪಿಕಪ್ ಆನ್ ಸೌತ್ ಸ್ಟ್ರೀಟ್', ನಿರ್ದೇಶನ ಸ್ಯಾಮ್ಯುಯೆಲ್ ಫುಲ್ಲರ್ ಅವರದು. ಇದರಲ್ಲಿ ಅವರು ಮೋ ಎಂಬ ಮುದುಕಿ. ನೋಡುವವರಿಗೆ ಬೀದಿಯಲ್ಲಿ ಟೈ ಮಾರುವವಳು. ನಿಜವಾದ ವ್ಯಾಪಾರ ಬೇರೆ. ನ್ಯೂಯಾರ್ಕಿನ ಜೇಬುಗಳ್ಳರೆಲ್ಲ ಅವಳಿಗೆ ಗೊತ್ತು, ಅವರ ಸುಳಿವನ್ನು ಪೊಲೀಸರಿಗೆ ಮಾರುತ್ತಾಳೆ. ಮೊದಲ ದೃಶ್ಯದಲ್ಲಿ ಪೊಲೀಸ್ ಅಧಿಕಾರಿಯ ಮೇಜಿನ ಮುಂದೆ ಕೂತು ರೇಟಿಗೆ ಚೌಕಾಸಿ ಮಾಡುತ್ತಾಳೆ, ಎಲ್ಲದರ ಬೆಲೆ ಏರಿದೆ, ನನ್ನದೂ ಏರಬೇಕಲ್ವಾ ಅನ್ನುವ ಧಾಟಿಯಲ್ಲಿ. ಕಳ್ಳ ಹೇಗೆ ಕೈ ಹಾಕಿದ ಅಂತ ವಿವರ ಕೇಳಿಯೇ ಇಂಥವರ ಪೈಕಿ ಒಬ್ಬನ ಕೆಲಸ ಇದು ಅಂತ ಹೇಳಬಲ್ಲಳು. ಈ ದುಡ್ಡೆಲ್ಲ ಯಾಕೆ? ಒಂದು ಸಮಾಧಿ ಜಾಗ ಕೊಳ್ಳಲು. ಅನಾಥ ಹೆಣಗಳನ್ನು ಹೂಳುವ ಜಾಗಕ್ಕೆ ತನ್ನನ್ನು ಒಯ್ಯಬಾರದು, ಅಷ್ಟೇ ಅವಳ ಆಸೆ. ಅವಳಿಂದಲೇ ಸಿಕ್ಕಿಬಿದ್ದ ಕಳ್ಳನಿಗೂ ಅವಳ ಮೇಲೆ ಸಿಟ್ಟಿಲ್ಲ. ಅವಳೂ ಊಟ ಮಾಡಬೇಕಲ್ಲ ಅಂತಾನೆ.

ಆಮೇಲೆ ಆ ರಾತ್ರಿ ಬರುತ್ತದೆ. ದಿನವಿಡೀ ತಿರುಗಿ ದಣಿದ ಮೋ ಕೋಣೆಗೆ ಬಂದು ಗ್ರಾಮಫೋನ್ ಹಾಕಿ ಮಲಗುತ್ತಾಳೆ. ಜೋಯಿ ಎಂಬುವನು ಅಲ್ಲಿಗೆ ಬಂದಿದ್ದಾನೆ. ಅವನಿಗೆ ಆ ಜೇಬುಗಳ್ಳನ ವಿಳಾಸ ಬೇಕು, ಕೈಯಲ್ಲಿ ಪಿಸ್ತೂಲಿದೆ. ಎಲ್ಲರಿಗೂ ಎಲ್ಲವನ್ನೂ ಮಾರಿದವಳು ಇವನಿಗೆ ಮಾತ್ರ ಮಾರುವುದಿಲ್ಲ. ರಿಟ್ಟರ್ ಇಲ್ಲಿ ಕಿರುಚುವುದಿಲ್ಲ, ಅಳುವುದಿಲ್ಲ. ಮಂಚದ ಮೇಲೆ ಒರಗಿ, ಎಷ್ಟು ದಣಿದಿದ್ದೇನೆ ಅಂದರೆ ನೀನು ನನ್ನನ್ನು ಕೊಂದರೆ ಉಪಕಾರವೇ ಆದೀತು ಅನ್ನುವ ಅರ್ಥದ ಮಾತು ಆಡುತ್ತಾರೆ. ಆ ಮಾತಿನಲ್ಲಿ ಧೈರ್ಯ ತೋರಿಸುವ ಹಟ ಇಲ್ಲ. ಬರೀ ದಣಿವು. ಕ್ಯಾಮೆರಾ ಅವರ ಮುಖ ಬಿಟ್ಟು ಮೆಲ್ಲಗೆ ಗ್ರಾಮಫೋನ್ ಕಡೆ ಸರಿಯುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು ಮಾತ್ರ ಕೇಳುತ್ತದೆ. ಇದಾದ ಮೇಲೂ ಸಿನಿಮಾ ಮುಂದೆ ಹೋಗುತ್ತದೆ, ಹೀರೋ ರಿಚರ್ಡ್ ವಿಡ್‌ಮಾರ್ಕ್ ಒಳ್ಳೆಯ ನಟರೇ. ಆದರೆ ನೋಡುವವರ ಮನಸ್ಸು ಆ ಕೋಣೆಯಲ್ಲೇ ಇರುತ್ತದೆ. ಫುಲ್ಲರ್ ಅವರಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ. ಅನಾಥ ಹೆಣಗಳ ಜೊತೆ ಹೊರಟ ಮೋಳ ಪೆಟ್ಟಿಗೆಯನ್ನು ಅದೇ ಕಳ್ಳ ಬಿಡಿಸಿಕೊಂಡು ಬರುವ ದೃಶ್ಯವನ್ನು ಅವರು ಇಟ್ಟಿದ್ದಾರೆ.

'ಆಲ್ ಅಬೌಟ್ ಈವ್'ನಲ್ಲೂ ರಿಟ್ಟರ್ ಇದ್ದಾರೆ. ಈವ್ ಎಂಬ ಹುಡುಗಿ ಒಬ್ಬ ದೊಡ್ಡ ನಟಿಯ ಮುಂದೆ ಕಣ್ಣೀರಿನ ಕಥೆ ಹೇಳುವಾಗ ಎಲ್ಲರೂ ಕರಗುತ್ತಾರೆ, ಮೊದಲು ಅನುಮಾನ ಬರುವುದು ಆ ನಟಿಯ ಸಹಾಯಕಿಯಾದ ಇವರ ಬರ್ಡಿ ಪಾತ್ರಕ್ಕೆ. ಸಿನಿಮಾದ ಎರಡನೇ ಅರ್ಧದಲ್ಲಿ ಬರ್ಡಿ ಕಾಣುವುದೇ ಇಲ್ಲ. ಅಷ್ಟು ಚೆನ್ನಾಗಿ ಬರೆದ ಚಿತ್ರಕಥೆಯಲ್ಲಿ ನನಗೆ ಕಾಣುವ ಒಂದೇ ಕೊರತೆ ಅದು.

ಇನ್ನು 'ಕಾಸಾಬ್ಲಾಂಕಾ'. ಇದನ್ನು ನೀವು ನೋಡಿಯೇ ಇರುತ್ತೀರಿ. ಇನ್ನೊಂದು ಸಲ ನೋಡಿ, ಈ ಸಲ ಬೋಗಾರ್ಟ್ ಮತ್ತು ಇಂಗ್ರಿಡ್ ಬರ್ಗ್‌ಮನ್ ಅವರನ್ನು ಬಿಟ್ಟು ನೋಡಿ. 1942ರಲ್ಲಿ ಯುದ್ಧದ ನಡುವೆ ತೆಗೆದ ಸಿನಿಮಾ ಇದು. ಬೋಗಾರ್ಟ್ ಮಾಡಿದ ರಿಕ್ ಎಂಬುವನ ಕೆಫೆಯಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರು ವೀಸಾಕ್ಕಾಗಿ ಕಾಯುತ್ತಿದ್ದಾರೆ. ಆ ಪಾತ್ರ ಮಾಡಿದವರಲ್ಲಿ ಹಲವರು ಸ್ವತಃ ಹಾಗೆ ಓಡಿ ಬಂದವರು.

ಜೂಜಿನ ಮೇಜಿನ ಹಿಂದೆ ನಿಂತವರು ಮಾರ್ಸೆಲ್ ಡಾಲಿಯೊ. ಫ್ರಾನ್ಸಿನಲ್ಲಿ ಅವರು ದೊಡ್ಡ ನಟ, ಜಾನ್ ರೆನ್ವಾ ಅವರ 'ದಿ ರೂಲ್ಸ್ ಆಫ್ ದಿ ಗೇಮ್'ನಲ್ಲಿ ಮುಖ್ಯ ಪಾತ್ರ ಮಾಡಿದವರು. ಯಹೂದಿ. ಪ್ಯಾರಿಸ್‌ಗೆ ನಾಜಿಗಳು ಬಂದ ಮೇಲೆ, ಯಹೂದಿ ಅಂದರೆ ಹೀಗಿರುತ್ತಾನೆ ಅಂತ ತೋರಿಸಲು ಅವರ ಮುಖವನ್ನೇ ಪೋಸ್ಟರುಗಳಲ್ಲಿ ಹಾಕಿದ್ದರು. ಅಷ್ಟರಲ್ಲಿ ಅವರು ಹೆಂಡತಿ ಮ್ಯಾಡಲಿನ್ ಲಬೋ ಜೊತೆ ದೇಶ ಬಿಟ್ಟಿದ್ದರು. ಆ ಹೆಂಡತಿಯೂ ಈ ಸಿನಿಮಾದಲ್ಲಿದ್ದಾರೆ, ರಿಕ್ ಕೈಬಿಟ್ಟ ಯ್ವಾನ್ ಎಂಬ ಹುಡುಗಿಯಾಗಿ. ದುಂಡು ಕೆನ್ನೆಯ ವೇಟರ್ ಕಾರ್ಲ್ ಆದವರು ಎಸ್. ಜಡ್. ಸಕಾಲ್, ಬುಡಾಪೆಸ್ಟ್‌ನವರು. ಅವರ ಅಕ್ಕತಂಗಿಯರು ನಾಜಿ ಶಿಬಿರಗಳಲ್ಲಿ ಸತ್ತರು. ಕ್ರೂರ ಜರ್ಮನ್ ಮೇಜರ್ ಆಗಿ ನಟಿಸಿದ ಕಾನ್ರಾಡ್ ವೈಟ್ ನಾಜಿ ವಿರೋಧಿ. ಅವರ ಹೆಂಡತಿ ಯಹೂದಿ. 1933ರಲ್ಲೇ ಜರ್ಮನಿ ಬಿಟ್ಟಿದ್ದರು. ತಾನು ದ್ವೇಷಿಸುವ ಮನುಷ್ಯನನ್ನೇ ತೆರೆಯ ಮೇಲೆ ಮಾಡಿ ತೋರಿಸಿದರು. ಸಿನಿಮಾ ಬಂದ ಕೆಲವೇ ತಿಂಗಳಿಗೆ, 1943ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗ ಹಾಡಿನ ದೃಶ್ಯಕ್ಕೆ ಬನ್ನಿ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ತಮ್ಮ ಹಾಡು ಹಾಡುತ್ತಿದ್ದಾರೆ. ನಾಜಿಗಳ ವಿರುದ್ಧ ಹೋರಾಡುವ ನಾಯಕ ಲಾಸ್ಲೋ ನೇರವಾಗಿ ಬ್ಯಾಂಡಿನವರ ಹತ್ತಿರ ಹೋಗಿ ಫ್ರೆಂಚ್ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ಬ್ಯಾಂಡಿನವರು ರಿಕ್ ಕಡೆ ನೋಡುತ್ತಾರೆ, ರಿಕ್ ಸುಮ್ನೆ ತಲೆ ಆಡಿಸುತ್ತಾನೆ. ಹೀರೋನ ಪಾಲು ಅಷ್ಟೇ. ಆಮೇಲೆ ದೃಶ್ಯ ಪೂರ್ತಿ ಪೋಷಕ ನಟರದ್ದು. ಕೆಫೆಯವರೆಲ್ಲ ಎದ್ದು ನಿಲ್ಲುತ್ತಾರೆ. ಯ್ವಾನ್ ಆ ಸಂಜೆ ಒಬ್ಬ ಜರ್ಮನ್ ಅಧಿಕಾರಿಯ ತೋಳು ಹಿಡಿದು ಬಂದವಳು. ಅವಳ ಮುಖ ತೆರೆ ತುಂಬ ಬರುತ್ತದೆ, ಕೆನ್ನೆ ಮೇಲೆ ನೀರು ಇಳಿಯುತ್ತಿದೆ, ಬಾಯಿ ತುಂಬ ಹಾಡುತ್ತಿದ್ದಾಳೆ. ಲಬೋ ಅವರಿಗೆ ಆಗ ಹತ್ತೊಂಬತ್ತರ ಆಸುಪಾಸು. ಅವರು ಫ್ರಾನ್ಸ್ ಬಿಟ್ಟು ಎರಡೇ ವರ್ಷ ಆಗಿತ್ತು, ಫ್ರಾನ್ಸ್ ಇನ್ನೂ ಜರ್ಮನರ ಕೈಯಲ್ಲಿತ್ತು. ಆ ಕಣ್ಣೀರನ್ನು ಯಾವ ನಿರ್ದೇಶಕನೂ ಹೇಳಿ ತರಿಸಬೇಕಾಗಿರಲಿಲ್ಲ.

ಪಿಯಾನೋ ಮುಂದೆ ಕೂತ ಸ್ಯಾಮ್ ಪಾತ್ರದ ಡೂಲಿ ವಿಲ್ಸನ್ ಅವರಿಗೆ ಪಿಯಾನೋ ಬರುತ್ತಿರಲಿಲ್ಲ, ಗೊತ್ತಾ? ಅವರು ಹಾಡುಗಾರ, ಡ್ರಮ್ ಬಾರಿಸುವವರು. ಎಲಿಯಟ್ ಕಾರ್ಪೆಂಟರ್ ನುಡಿಸಿದ್ದಕ್ಕೆ ಇವರು ಬೆರಳು ಆಡಿಸಿದರು. ಬರ್ಗ್‌ಮನ್ ಆ ಹಳೇ ಹಾಡು ನುಡಿಸು ಅಂದಾಗ ವಿಲ್ಸನ್ ಮೊದಲು ಮರೆತಿದ್ದೇನೆ ಅಂತ ಸುಳ್ಳು ಹೇಳುತ್ತಾರಲ್ಲ, ಆಗ ವಿಲ್ಸನ್ ಅವರ ಕಣ್ಣು ನೋಡಿ. ಗೆಳೆಯನ ಗಾಯ ಮತ್ತೆ ಕೆದರುತ್ತದಲ್ಲ ಅನ್ನುವ ಸಂಕಟ ಅಲ್ಲಿ ಕಾಣುತ್ತದೆ.

ಅದೇ ಸಿನಿಮಾದ ಪೊಲೀಸ್ ಕ್ಯಾಪ್ಟನ್ ರೆನೋ ಆದವರು ಕ್ಲಾಡ್ ರೇನ್ಸ್. ಲಂಡನ್‌ನ ಬಡ ಮನೆಯ ಹುಡುಗ. ಮಾತು ತೊದಲುತ್ತಿತ್ತು, ಉಚ್ಚಾರ ಬೀದಿಯದ್ದು. ರಂಗಭೂಮಿಯ ಹಿರಿಯ ಹರ್ಬರ್ಟ್ ಬೀರ್‌ಬೋಮ್ ಟ್ರೀ ಅವರು ದುಡ್ಡು ಕೊಟ್ಟು ಮಾತು ಕಲಿಸಿದರು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಒಂದು ಕಣ್ಣು ಹೆಚ್ಚುಕಡಿಮೆ ಹೋಯಿತು. ಹಾಲಿವುಡ್‌ನಲ್ಲಿ ಅವರ ಮೊದಲ ಸಿನಿಮಾ 'ದಿ ಇನ್‌ವಿಸಿಬಲ್ ಮ್ಯಾನ್', 1933ರದು. ಅದರಲ್ಲಿ ಕೊನೆಯ ಗಳಿಗೆಯವರೆಗೂ ಅವರ ಮುಖವೇ ಕಾಣುವುದಿಲ್ಲ, ದನಿಯೊಂದೇ. ಕಷ್ಟಪಟ್ಟು ಸಂಪಾದಿಸಿದ ಆ ದನಿಯೇ ಅವರ ಆಸ್ತಿ. 'ಕಾಸಾಬ್ಲಾಂಕಾ'ದಲ್ಲಿ ರೆನೋ ಕೆಫೆ ಮುಚ್ಚಿಸುವ ದೃಶ್ಯ ನೋಡಿ. ಇಲ್ಲಿ ಜೂಜು ನಡೆಯುತ್ತಿದೆಯಾ ಅಂತ ಗಾಬರಿ ನಟಿಸುತ್ತಾನೆ. ಅದೇ ಕ್ಷಣಕ್ಕೆ ಜೂಜಿನ ಮೇಜಿನವನು ಬಂದು ಅವನು ಗೆದ್ದ ಹಣ ಕೈಗಿಡುತ್ತಾನೆ. ಹಣ ಕೊಡುವವರು ಡಾಲಿಯೊ. ರೇನ್ಸ್ ದನಿ ತಗ್ಗಿಸಿ ಸಭ್ಯವಾಗಿ ಥ್ಯಾಂಕ್ಸ್ ಹೇಳಿ, ಉಸಿರು ಬಿಡದೆ ದನಿ ಏರಿಸಿ ಎಲ್ಲರೂ ಹೊರಗೆ ನಡೆಯಿರಿ ಅನ್ನುತ್ತಾರೆ. ಆ ಏರಿಳಿತ ಒಂದರಲ್ಲೇ ರೆನೋನ ಪೂರ್ತಿ ಚರಿತ್ರೆ ಇದೆ.

ಇದಕ್ಕಿಂತ ಆಳದ ಕೆಲಸ ಬೇಕಾದರೆ ಹಿಚ್‌ಕಾಕ್ ಅವರ 1946ರ 'ನಟೋರಿಯಸ್'. ರೇನ್ಸ್ ಅದರಲ್ಲಿ ನಾಜಿ ಗುಂಪಿನವನು, ಹೆಂಡತಿಗೆ ವಿಷ ಹಾಕುವವನು. ಆದರೆ ಆ ಸಿನಿಮಾದಲ್ಲಿ ನಾಯಕಿಯಾದ ಆ ಹೆಂಡತಿಯನ್ನು ಅನುಮಾನವಿಲ್ಲದೆ ಪ್ರೀತಿಸಿದವನೂ ಅವನೇ. ಕೊನೆಯಲ್ಲಿ ಕ್ಯಾರಿ ಗ್ರಾಂಟ್ ಅವಳನ್ನು ಕಾರಿಗೆ ಹತ್ತಿಸಿ ಬಾಗಿಲು ಲಾಕ್ ಮಾಡುತ್ತಾರೆ. ನನ್ನನ್ನೂ ಕರೆದುಕೊಂಡು ಹೋಗಿ ಅಂತ ರೇನ್ಸ್ ಬೇಡುತ್ತಾರೆ. ಆಗಲ್ಲ. ತನ್ನನ್ನು ಕೊಲ್ಲಲು ಕಾದಿರುವವರ ಕಡೆಗೆ ಮೆಟ್ಟಿಲು ಹತ್ತಿ ಹೋಗಬೇಕು. ಖಳನ ಬೆನ್ನು ನೋಡಿಯೂ ನಮಗೆ ಮರುಕ ಹುಟ್ಟುವಂತೆ ಮಾಡಿದ್ದು ಸಣ್ಣ ಸಾಧನೆ ಅಲ್ಲ.

ಹ್ಯಾಟೀ ಮೆಕ್‌ಡ್ಯಾನಿಯೆಲ್ ಅವರ ವಿಷಯ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಅವರ ಅಪ್ಪ, ಅಮ್ಮ ಇಬ್ಬರೂ ಗುಲಾಮರಾಗಿದ್ದವರು. 'ಗಾನ್ ವಿತ್ ದಿ ವಿಂಡ್'ನಲ್ಲಿ ಅವರು ಮಾಡಿದ್ದು ಮ್ಯಾಮಿ ಎಂಬ ಗುಲಾಮಳ ಪಾತ್ರ. ಅಟ್ಲಾಂಟಾದಲ್ಲಿ 1939ರ ಡಿಸೆಂಬರ್‌ನಲ್ಲಿ ಸಿನಿಮಾದ ಮೊದಲ ಪ್ರದರ್ಶನ ಆದಾಗ, ಅಲ್ಲಿನ ವರ್ಣಭೇದ ಕಾನೂನಿನಿಂದಾಗಿ ಅವರಿಗೆ ಹೋಗಲು ಆಗಲಿಲ್ಲ. ಎರಡು ತಿಂಗಳ ನಂತರ ಪೋಷಕ ನಟಿ ಆಸ್ಕರ್ ಗೆದ್ದರು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಆ ರಾತ್ರಿಯೂ ಹೋಟೆಲಿನಲ್ಲಿ ಸಿನಿಮಾದವರ ಜೊತೆ ಕೂರಿಸಲಿಲ್ಲ, ಗೋಡೆ ಪಕ್ಕ ಬೇರೆ ಮೇಜು ಹಾಕಿದ್ದರು. 1952ರಲ್ಲಿ ತೀರಿಕೊಂಡಾಗ, ಅವರು ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ.

ಗುಲಾಮಗಿರಿಯನ್ನು ಆ ಸಿನಿಮಾ ಚಂದ ಮಾಡಿ ತೋರಿಸುತ್ತದೆ, ಅದು ಸುಳ್ಳು. ಆದರೆ ಮೆಟ್ಟಿಲಿನ ದೃಶ್ಯ ನೋಡಿ. ರೆಟ್ ಮತ್ತು ಸ್ಕಾರ್ಲೆಟ್ ದಂಪತಿಯ ಮಗು ಸತ್ತಿದೆ. ಮನೆಯವರ ಗೆಳತಿ ಮೆಲನಿಯ ಜೊತೆ ಮೆಟ್ಟಿಲು ಹತ್ತುತ್ತಾ ಮ್ಯಾಮಿ ಮನೆಯೊಳಗೆ ನಡೆದದ್ದನ್ನು ಹೇಳುತ್ತಾಳೆ. ಕ್ಯಾಮೆರಾ ಜೊತೆಗೇ ಹತ್ತುತ್ತದೆ. ನಾಯಕ, ನಾಯಕಿ ಇಬ್ಬರೂ ಅಲ್ಲಿಲ್ಲ. ಅವರ ದುಃಖ ಪೂರ್ತಿ ನಮಗೆ ತಲುಪುವುದು ಮೆಕ್‌ಡ್ಯಾನಿಯೆಲ್ ಅವರ ಬಾಯಿಂದ. ಪಕ್ಕದಲ್ಲಿ ನಡೆಯುತ್ತಿದ್ದ ಒಲಿವಿಯಾ ಡಿ ಹ್ಯಾವಿಲೆಂಡ್ ಅವರಿಗೂ ಅದೇ ಪ್ರಶಸ್ತಿಗೆ ನಾಮನಿರ್ದೇಶನ ಆಗಿತ್ತು.

ನಮ್ಮ ಕಡೆಯವರೊಬ್ಬರ ಹೆಸರೂ ಇಲ್ಲಿ ಬರಲೇಬೇಕು. ಸಾಬು. ಕಬಿನಿ ದಂಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಮೈಸೂರು ಮಹಾರಾಜರ ಆನೆ ಲಾಯದಲ್ಲಿದ್ದ ಹುಡುಗ, 1937ರ 'ಎಲಿಫೆಂಟ್ ಬಾಯ್' ಸಿನಿಮಾಕ್ಕೆ ಸಿಕ್ಕಿ ಇಂಗ್ಲೆಂಡಿಗೆ ಹೋದ. ಅಲ್ಲಿಂದ ಹಾಲಿವುಡ್. ಮೊದಲು ನಾಯಕನಾಗಿಯೇ ಹೆಸರು ಮಾಡಿದರು. ಯೂನಿವರ್ಸಲ್ ಸ್ಟುಡಿಯೋ ಮಾತ್ರ 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ಥರದ ಸಿನಿಮಾಗಳಲ್ಲಿ ಅವರನ್ನು ಜಾನ್ ಹಾಲ್ ಮತ್ತು ಮರಿಯಾ ಮಾಂಟೆಜ್ ಪಕ್ಕದ ತುಂಟ ಗೆಳೆಯನನ್ನಾಗಿ ಮಾಡಿತು. ಈ ಸಿನಿಮಾಗಳು ಅಂಥ ಒಳ್ಳೆಯವೇನಲ್ಲ. ಆದರೆ ಸಾಬು ಬಂದ ಕೂಡಲೇ ರಟ್ಟಿನ ಅರಮನೆಗೂ ಜೀವ ಬರುತ್ತದೆ. ಆ ನಗು ಕಲಿತು ಬಂದದ್ದಲ್ಲ. 1944ರಲ್ಲಿ ಅಮೆರಿಕದ ಪೌರರಾದರು, ಯುದ್ಧವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸುವ ಗನ್ನರ್ ಆಗಿ ಪೆಸಿಫಿಕ್‌ನಲ್ಲಿ ಹೋರಾಡಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಸೇನಾ ಪದಕ ಪಡೆದರು. ವಾಪಸ್ ಬಂದರೂ ಹಾಲಿವುಡ್ ಅವರಿಗೆ ಕಾಡು, ಆನೆ, ಮುಂಡಾಸು ಬಿಟ್ಟು ಹೆಚ್ಚೇನೂ ಕೊಡಲಿಲ್ಲ. 1963ರಲ್ಲಿ, 39ನೇ ವಯಸ್ಸಿಗೇ ಹೃದಯಾಘಾತದಿಂದ ಹೋದರು.

ಇನ್ನೂ ಎಷ್ಟೋ ಜನ ಇದ್ದಾರೆ. ಎಡ್ವರ್ಡ್ ಎವರೆಟ್ ಹಾರ್ಟನ್ ನಗಿಸುತ್ತಾರೆ. 'ಟಾಪ್ ಹ್ಯಾಟ್'ನಲ್ಲಿ ಯಾರೋ ಹೇಳಿದ್ದಕ್ಕೆ ನಗುತ್ತಾ ತಲೆ ಆಡಿಸುತ್ತಾರೆ, ಒಂದು ಕ್ಷಣದ ಮೇಲೆ ಅರ್ಥ ಹೊಳೆದು ಆ ನಗು ಹಾಗೇ ಗಾಬರಿಯಾಗುತ್ತದೆ. ಎಲಿಷಾ ಕುಕ್ ಜೂನಿಯರ್ ಹೆಚ್ಚಾಗಿ ಸಾಯುವ ಪಾತ್ರದವರು. 'ಶೇನ್'ನಲ್ಲಿ ಕೆಸರು ಬೀದಿಯಲ್ಲಿ ಜಾರುತ್ತಾ ನಡೆಯುವ ಅವರನ್ನು, ಮರದ ಜಗಲಿ ಮೇಲೆ ನಿಂತ ಜ್ಯಾಕ್ ಪ್ಯಾಲನ್ಸ್ ಆಡಿಸಿ ಕೊಲ್ಲುತ್ತಾನೆ. ಆ ಸಾವಿಗೆ ತೂಕ ಬರುವಂತೆ ಅವರನ್ನು ತಂತಿ ಕಟ್ಟಿ ಹಿಂದಕ್ಕೆ ಎಳೆದಿದ್ದರು.

ಆಸ್ಕರ್ ಪಟ್ಟಿ ಹಿಡಿದು ನೋಡಲು ಹೋಗಬೇಡಿ. ಪೋಷಕ ನಟರಿಗೆ ಪ್ರಶಸ್ತಿ ಶುರುವಾಗಿದ್ದೇ 1936ರ ಸಿನಿಮಾಗಳಿಂದ. ಮೊದಲ ಕೆಲವು ವರ್ಷ ಅವರಿಗೆ ಪ್ರತಿಮೆಯೂ ಇಲ್ಲ, ಬರೀ ಫಲಕ. ರೇನ್ಸ್ ನಾಲ್ಕು ಸಲ ನಾಮನಿರ್ದೇಶನ ಆಗಿಯೂ ಗೆಲ್ಲಲಿಲ್ಲ. ಪೀಟರ್ ಲೋರೆ, ಎಲಿಷಾ ಕುಕ್ ಅವರಿಗೆ ನಾಮನಿರ್ದೇಶನವೂ ಇಲ್ಲ. ಅದರ ಬದಲು ಒಬ್ಬ ನಟನನ್ನು ಹಿಡಿದು ಹೋಗಿ. ನಿಮ್ಮ ಕುಡುಕ ಡಾಕ್ಟರ್, 'ಸ್ಟೇಜ್‌ಕೋಚ್'ನವರೇ ಆಗಿದ್ದರೆ, ಅವರ ಹೆಸರು ಥಾಮಸ್ ಮಿಚೆಲ್. ಹೆರಿಗೆ ಮಾಡಿಸಲು ಕಪ್ಪು ಕಾಫಿ ಕುಡಿದು ಕುಡಿದು ಅಮಲು ಇಳಿಸಿಕೊಳ್ಳುವ ಆ ಪಾತ್ರಕ್ಕೆ ಆಸ್ಕರ್ ಬಂತು. ಅದೇ 1939ರಲ್ಲಿ ಅವರು 'ಗಾನ್ ವಿತ್ ದಿ ವಿಂಡ್'ನಲ್ಲಿ ಸ್ಕಾರ್ಲೆಟ್‌ಳ ಅಪ್ಪ, 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್'ನಲ್ಲಿ ಪತ್ರಕರ್ತ, 'ಓನ್ಲಿ ಏಂಜೆಲ್ಸ್ ಹ್ಯಾವ್ ವಿಂಗ್ಸ್'ನಲ್ಲಿ ಕಣ್ಣು ಮಂಜಾಗುತ್ತಿರುವ ಪೈಲಟ್, 'ದಿ ಹಂಚ್‌ಬ್ಯಾಕ್ ಆಫ್ ನೋಟ್ರ್ ಡ್ಯಾಮ್'ನಲ್ಲಿ ಭಿಕ್ಷುಕರ ರಾಜ. ಈ ಐದನ್ನೂ ಸಾಲಾಗಿ ನೋಡಿ. ಪೈಲಟ್ ಇರುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಅವರೂ ಕ್ಯಾರಿ ಗ್ರಾಂಟ್ ಅವರೂ ಮಾತಾಡುವ ಕೊನೆಯ ದೃಶ್ಯದಲ್ಲಿ, ಗ್ರಾಂಟ್ ಅವರನ್ನು ಬಿಟ್ಟು ಮಿಚೆಲ್ ಅವರನ್ನೇ ನೋಡಿ.